ಗಾಲಿ ಮನೆ ಪುರಾಣ – 11: ಬಾತ್‌ರೂಮಿನ ಲಾಕ್ ಯಾರ ಕೈಗೆ ಸಿಗಬೇಕು?

ಹೋದ ಸಲದ ಬರಹ ಓದಿ ಚಿಕ್ಕಮ್ಮ ಕೇಳಿದ್ದರು, "ಅಷ್ಟು ಸಣ್ಣ ಮನೆಯೊಳಗೂ ಬಾಗಿಲು, ಚಿಲಕ ಅಂತೆಲ್ಲ ಇರುತ್ತೇನೇ?" ಅಂತ. ಇರುತ್ತೆ ಚಿಕ್ಕಮ್ಮ. ಆದರೆ ಇರಬೇಕಾದ ಕಡೆ ಇರೋದಿಲ್ಲ. ಇವತ್ತು ನನ್ನ ತಕರಾರು ಅದರ ಮೇಲೆಯೇ. ಒಬ್ಬ ನರ್ಸ್ ಆಗಿ ಹೇಳ್ತಿದ್ದೀನಿ, ಸ್ವಲ್ಪ ಉದ್ದ ಆದರೂ ಪೂರ್ತಿ ಓದಿ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಅಮೆರಿಕದಲ್ಲಿ ಟ್ರಾವೆಲ್ ನರ್ಸ್. ಸಾಮಾನ್ಯವಾಗಿ 13 ವಾರಕ್ಕೊಂದು ಕಾಂಟ್ರಾಕ್ಟ್, ಅದು ಮುಗಿದರೆ ಇನ್ನೊಂದು ಊರು. ಪ್ರತಿ ಸಲ ಬಾಡಿಗೆ ಮನೆ ಹುಡುಕುವ ರಗಳೆ ಬೇಡ ಅಂತ ನಾವು ಒಂದು ಸೆಕೆಂಡ್ ಹ್ಯಾಂಡ್ ಟ್ರೈಲರ್ ತಗೊಂಡು ಅದರಲ್ಲೇ ಇದ್ದೀವಿ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಇಂಥ ಗಾಲಿ ಮನೆಗಳಿಗೆಲ್ಲ ಇಲ್ಲಿ ಒಟ್ಟಾಗಿ ಆರ್‌ವಿ ಅಂತಾರೆ.

ನಮ್ಮ ಟ್ರೈಲರ್ ಬಂದಾಗ ಬಾತ್‌ರೂಮಿನ ಲಾಕ್ ಹೇಗಿತ್ತು ಗೊತ್ತಾ? ತಿರುಗಿಸುವ ಗುಂಡಿ ಹೊರಗಡೆ! ಸಾಮಾನ್ಯವಾಗಿ ಇಂಥ ಲಾಕಿನಲ್ಲಿ ಒಳಗಡೆ ಗುಂಡಿ, ಹೊರಗಡೆ ಒಂದು ಸಣ್ಣ ತೂತು ಇರುತ್ತೆ. ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡರೆ ಆ ತೂತಿಗೆ ಒಂದು ಗಟ್ಟಿ ಕಡ್ಡಿ ಚುಚ್ಚಿ ಹೊರಗಿನವರು ತೆಗೆಯಲಿ ಅಂತ. ನಮ್ಮದರಲ್ಲಿ ಆ ತೂತು ಒಳಗಡೆ ಇತ್ತು. ಅಂದರೆ ಸ್ನಾನಕ್ಕೆ ಹೋದವರನ್ನು ಹೊರಗಿನವರು ಕೂಡಿ ಹಾಕಬಹುದು, ಒಳಗಿರುವವರು ಕಡ್ಡಿ ಹುಡುಕಬೇಕು. ಮಲಗುವ ಜಾಗಕ್ಕೆ ಒಂದು ಜಾರು ಬಾಗಿಲಿದೆ. ಅದರ ಕೊಕ್ಕೆಯೂ ಓಡಾಡುವ ದಾರಿಯ ಕಡೆಗೇ. ಮಲಗಿದವರಿಗೆ ಅದು ಕೈಗೇ ಸಿಗಲ್ಲ.

ಇದು ನಮ್ಮ ಒಂದು ಟ್ರೈಲರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಕೊಳ್ಳುವ ಮೊದಲು ಹತ್ತಾರು ಆರ್‌ವಿ ಹತ್ತಿ ಇಳಿದಿದ್ದೀವಿ. ಒಂದರಲ್ಲಿ ಬಾತ್‌ರೂಮಿಗೆ ಎರಡು ಬಾಗಿಲು, ಒಂದು ಬೆಡ್‌ರೂಮಿಗೆ, ಇನ್ನೊಂದು ಹಾಲ್‌ಗೆ. ಬೆಡ್‌ರೂಮಿನಿಂದ ಹೊರಗೆ ಬರಬೇಕಾದರೆ ಬಾತ್‌ರೂಮ್ ದಾಟಿಯೇ ಬರಬೇಕು. ಎರಡು ಬಾಗಿಲಿಗೂ ಒಳಗಿನಿಂದ ಹಾಕುವ ಸಾದಾ ಚಿಲಕ, ಹೊರಗಿನಿಂದ ತೆಗೆಯಲು ಏನೂ ಇಲ್ಲ. ಒಬ್ಬರು ಎರಡೂ ಚಿಲಕ ಹಾಕಿಕೊಂಡು ಒಳಗೆ ಕೂತರೆ ಮಲಗಿದವರಿಗೆ ಕಿಟಕಿಯೇ ಗತಿ. ಅದಕ್ಕೇ ಮಲಗುವ ಜಾಗದಲ್ಲಿ ಕೆಂಪು ಹಿಡಿಯ ತುರ್ತು ಕಿಟಕಿ ಇಟ್ಟಿರ್ತಾರೆ, ಅದು ಒಳ್ಳೇದು. ಆದರೆ ಮಂಡಿ ನೋವಿನ ಅಜ್ಜಿ ಕಿಟಕಿಯಿಂದ ಹಾರುತ್ತಾರಾ?

ಯಾಕೆ ಹೀಗೆ ಅಂತ ಯೋಚನೆ ಮಾಡಿದೆ. ಈ ದೇಶದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗೋದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಕಾರ್ಖಾನೆಯಲ್ಲಿ ಸಾಲಾಗಿ ಜೋಡಿಸುತ್ತಾ ಹೋಗುವ ಕೆಲಸ. ಜಾಗಕ್ಕೆ ಹೊಂದಲಿ ಅಂತ ಬಾಗಿಲನ್ನು ಹಿಂದುಮುಂದು ಮಾಡಿ ಕೂರಿಸಿದರೆ ಅದರ ಜೊತೆ ಲಾಕೂ ಹಿಂದುಮುಂದಾಗುತ್ತೆ. ಜೋಡಿಸಿದವರು ಬಾಗಿಲು ಮುಚ್ಚುತ್ತಾ ಅಂತ ನೋಡ್ತಾರೆ. ಯಾರು ಯಾವ ಕಡೆ ನಿಂತಿರ್ತಾರೆ ಅಂತ ನೋಡಲ್ಲ.

ಇನ್ನೊಂದು ಕಾರಣ ನ್ಯಾಯವಾದದ್ದೇ. ಗಾಡಿ ಓಡುವಾಗ ಒಳಗಿನ ಬಾಗಿಲುಗಳು ದಡಬಡ ಹೊಡೆದುಕೊಳ್ಳುತ್ತವೆ, ಜಾರು ಬಾಗಿಲು ಆ ಕಡೆಯಿಂದ ಈ ಕಡೆಗೆ ಓಡಾಡುತ್ತೆ. ಅದನ್ನು ಹಿಡಿದಿಡಲು ಹೊರಗಡೆ ಒಂದು ಕೊಕ್ಕೆ ಬೇಕೇ ಬೇಕು. ಆದರೆ ಪ್ರಯಾಣಕ್ಕೆ ಬೇಕಾದ ಕೊಕ್ಕೆ ಬೇರೆ, ಮನುಷ್ಯರು ಒಳಗಿರುವಾಗ ಬೇಕಾದ ಲಾಕ್ ಬೇರೆ. ಪ್ರಯಾಣಕ್ಕೆ ಒಂದು ಪಟ್ಟಿ ಕಟ್ಟಿದರೆ ಸಾಕು, ಊರು ಸೇರಿದ ಮೇಲೆ ಬಿಚ್ಚಿಟ್ಟರಾಯಿತು. ಎರಡು ಕೆಲಸವನ್ನೂ ಒಂದೇ ಚಿಲಕಕ್ಕೆ ಒಪ್ಪಿಸೋದೇ ತಪ್ಪು.

ಇದರ ಜೊತೆಗೆ ಗಾಲಿ ಮನೆಯದೇ ಒಂದು ಗುಣ ಇದೆ. ರಸ್ತೆಯ ಕುಲುಕಾಟಕ್ಕೆ ಇಡೀ ಪೆಟ್ಟಿಗೆ ಸ್ವಲ್ಪ ಸೊಟ್ಟಗಾಗುತ್ತೆ. ನಿಲ್ಲಿಸಿದ ಜಾಗ ಸಮ ಇಲ್ಲದಿದ್ದರೂ ಅಷ್ಟೇ, ಬಾಗಿಲು ಚೌಕಟ್ಟಿನಲ್ಲಿ ಬಿಗಿಯಾಗುತ್ತೆ. ಊರಲ್ಲಿ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತಲ್ಲ, ಹಾಗೆ. ಅಂಥ ಬಾಗಿಲಿಗೆ ಹೊರಗಿನಿಂದ ತೆಗೆಯಲಾಗದ ಚಿಲಕ ಬೇರೆ ಇದ್ದರೆ ಏನಾಗುತ್ತೆ ನೀವೇ ಯೋಚಿಸಿ.

ಆರ್‌ವಿಗಳಿಗೆ ಎನ್‌ಎಫ್‌ಪಿಎ 1192 ಅನ್ನುವ ಸುರಕ್ಷತಾ ಮಾನದಂಡ ಇದೆ. ಹೊಗೆ ಬಂದರೆ, ಗ್ಯಾಸ್ ಸೋರಿದರೆ, ಕಾರ್ಬನ್ ಮೋನಾಕ್ಸೈಡ್ ತುಂಬಿದರೆ ಕೂಗುವ ಅಲಾರಂಗಳು, ತುರ್ತು ದಾರಿ ಎಲ್ಲ ಅದರಲ್ಲಿ ಬರುತ್ತೆ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಗೊಂದಲ, ಪ್ರಜ್ಞೆ ತಪ್ಪೋದು. ಅಲಾರಂ ಕೂಗುತ್ತಿರುವಾಗ ಗಲಿಬಿಲಿಯಾದ ಒಬ್ಬರು ಬಾತ್‌ರೂಮಿನ ಒಳಗೆ ಚಿಲಕ ಹಾಕಿಕೊಂಡಿದ್ದರೆ ಅಲಾರಂ ಇದ್ದೂ ಏನು ಪ್ರಯೋಜನ?

ಆಸ್ಪತ್ರೆಯಲ್ಲಿ ನಾವು ಕಲಿಯೋ ಮೊದಲ ಪಾಠಗಳಲ್ಲಿ ಒಂದು, ಜನ ಬೀಳೋದು ಬಾತ್‌ರೂಮಲ್ಲಿ. ಬಿಪಿ ಮಾತ್ರೆ ತಗೊಳ್ಳುವ ಹಿರಿಯರು ರಾತ್ರಿ ಗಡಿಬಿಡಿಯಲ್ಲಿ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ. ಮಲವಿಸರ್ಜನೆಗೆ ಮುಕ್ಕಿದಾಗ, ಮೂತ್ರ ಮಾಡಿ ಮುಗಿಸಿದಾಗ ಕೂಡ ಕೆಲವರಿಗೆ ತಲೆ ತಿರುಗುತ್ತೆ. ಬಿಸಿನೀರಿನ ಸ್ನಾನ ಮಾಡಿದ ಮೇಲೂ ಹಾಗೇ. ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೇ ಇದ್ದರೆ ಬಿದ್ದ ಪೆಟ್ಟಿಗಿಂತ ಅದೇ ದೊಡ್ಡ ಅಪಾಯ ಆಗಬಹುದು. ಮೈಭಾರಕ್ಕೆ ಮಾಂಸಖಂಡ ಜಜ್ಜಿ, ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೆಡಬಹುದು. ಮೈ ತಣ್ಣಗಾಗುತ್ತೆ, ಚರ್ಮ ಹುಣ್ಣಾಗುತ್ತೆ. ಅದಕ್ಕೇ ಆಸ್ಪತ್ರೆಯಲ್ಲಿ ರೋಗಿಗಳ ಬಾತ್‌ರೂಮಿನ ಲಾಕನ್ನು ನಾವು ಹೊರಗಿನಿಂದ ತೆಗೆಯುವ ಹಾಗೆ ಇಟ್ಟಿರ್ತಾರೆ. ಬಾಗಿಲು ಹೊರಗೆ ತೆರೆಯುವ ಹಾಗಿದ್ದರೆ ಇನ್ನೂ ಒಳ್ಳೇದು, ಯಾಕಂದರೆ ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರ ದೇಹವೇ ಅಡ್ಡ ಆಗುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಬಾತ್‌ರೂಮಿನ ಲಾಕನ್ನು ಇಬ್ಬರ ಕಡೆಯಿಂದಲೂ ನೋಡಬೇಕು. ಒಳಗಿರುವವರು ಯಾವ ಸಾಧನವೂ ಇಲ್ಲದೆ, ಕತ್ತಲೆಯಲ್ಲೂ, ಒಂದೇ ಕೈಯಲ್ಲಿ ತೆಗೆಯುವ ಹಾಗಿರಬೇಕು. ಹೊರಗಿರುವವರು ಬೇಕಾದಾಗ ತೆಗೆಯುವ ಹಾಗಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಅದು ಲಾಕ್ ಅಲ್ಲ, ಬೋನು.

"ಹೊರಗಿನಿಂದ ತೆಗೆಯೋ ಹಾಗಿದ್ದರೆ ಮರ್ಯಾದೆ ಏನು ಬಂತು?" ಅಂತ ಅತ್ತಿಗೆ ಕೇಳಿದರು. ಮಾತು ಸರಿಯೇ. ಆದರೆ ಅತ್ತಿಗೆ, ಮನೆಯೊಳಗಿನ ಲಾಕ್ ಕಳ್ಳರನ್ನು ತಡೆಯೋಕೆ ಅಲ್ಲ. "ಒಳಗೆ ಜನ ಇದ್ದಾರೆ, ಕಾಯಿರಿ" ಅಂತ ಹೇಳೋಕೆ. ಅಷ್ಟು ಕೆಲಸಕ್ಕೆ ನಾಣ್ಯದಿಂದ ತೆಗೆಯಬಹುದಾದ ಲಾಕ್ ಧಾರಾಳ ಸಾಕು. ಸುಮ್ಮನೆ ತಳ್ಳಿದರೆ ತೆಗೆಯಲ್ಲ, ಪ್ರಾಣ ಹೋಗುವಾಗ ತೆಗೆಯುತ್ತೆ.

ನಮ್ಮ ಟ್ರೈಲರಿನ ಲಾಕನ್ನು ನಮ್ಮನೆಯವರು ಎರಡು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದರು. ಅರ್ಧ ಗಂಟೆಯ ಕೆಲಸ. ಚುಚ್ಚುವ ಕಡ್ಡಿಯನ್ನು ಬಾಗಿಲ ಮೇಲಿನ ಚೌಕಟ್ಟಿಗೆ ಅಂಟಿಸಿದ್ದೀವಿ. ಜಾರು ಬಾಗಿಲ ಕೊಕ್ಕೆ ಕಿತ್ತು, ಪ್ರಯಾಣಕ್ಕೆ ಅಂತ ಪಟ್ಟಿ ಕಟ್ಟಿದ್ದೀವಿ. ಮೊದಲ ದಿನ ಇದನ್ನೆಲ್ಲ ತೋರಿಸಿದಾಗ ಮಾರಿದವರು, "ಎಲ್ಲದರಲ್ಲೂ ಹೀಗೇ ಇರುತ್ತೆ" ಅಂದಿದ್ದರು. ಎಲ್ಲದರಲ್ಲೂ ಇದೆ ಅನ್ನೋದು ಸಮಾಧಾನ ಅಲ್ಲ, ಅದೇ ನನ್ನ ತಕರಾರು.

ಈಗ ಊರಿನವರಿಗೆ ಒಂದು ಮಾತು. ನಮ್ಮ ಕಡೆ ಹೆಚ್ಚಿನ ಬಚ್ಚಲಿಗೆ, ಟಾಯ್ಲೆಟ್‌ಗೆ ಒಳಗಡೆ ಒಂದು ಚಿಲಕ, ಹೊರಗಡೆ ಒಂದು ಚಿಲಕ. ನಾನು ಹೇಳಿದ ಎರಡು ತೊಂದರೆಯೂ ಅಲ್ಲೇ ಇದೆ. ಒಳಗಿನದನ್ನು ಹೊರಗಿನವರು ತೆಗೆಯಲಾಗಲ್ಲ, ಹೊರಗಿನದನ್ನು ಮಕ್ಕಳು ಆಟಕ್ಕೆ ಹಾಕಿಬಿಡ್ತಾರೆ. ಹಿರಿಯರು ಇರುವ ಮನೆಯಲ್ಲಿ ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವಂಥ ಲಾಕ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ಹಾಕಿಸಿ. ಅದು ಸಿಗುವ ತನಕ ಒಂದು ಒಪ್ಪಂದ ಮಾಡಿಕೊಳ್ಳಿ, ಬಾಗಿಲು ಮುಚ್ಚೋದು, ಚಿಲಕ ಹಾಕೋದು ಬೇಡ, ಹೊರಗಿನವರು ಕೂಗಿ ಕೇಳಿಯೇ ಹೋಗೋದು. ಹೊಸ ಮನೆ ಕಟ್ಟಿಸುತ್ತಿರುವ ಮಾವ, ನಿಮ್ಮ ಬಾತ್‌ರೂಮಿನ ಬಾಗಿಲು ಹೊರಗೆ ತೆರೆಯಲಿ ಅಂತ ಬಡಗಿಗೆ ಈಗಲೇ ಹೇಳಿ. ಚೌಕಟ್ಟು ಕೂರಿಸಿದ ಮೇಲೆ ಹೇಳಿದರೆ ಅವರೂ ಬೈತಾರೆ, ನೀವೂ ಬೈಸಿಕೊಳ್ತೀರಿ.

ನಿಮ್ಮನೆ ಬಾತ್‌ರೂಮಿನ ಚಿಲಕ ಹೇಗಿದೆ ಅಂತ ಕೆಳಗೆ ಬರೆಯಿರಿ. ಫೋಟೋ ಹಾಕಿದರೆ ನೋಡಿ ಹೇಳ್ತೀನಿ.