ಡಾಕ್ಟರಾಗಲು ಎಷ್ಟು ಗಣಿತ ಬೇಕು?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನವೇ ನಮ್ಮ ಊರುಗಳಲ್ಲಿ ಮನೆಮನೆಯ ತೀರ್ಪುಗಳೂ ಹೊರಬೀಳುತ್ತವೆ. ಮಗಳಿಗೆ ಗಣಿತದಲ್ಲಿ 45 ಬಂದಿದ್ದರೆ ಮುಗಿಯಿತು. "ಇವಳಿಗೆ ಸೈನ್ಸ್ ಆಗಿಬರೋದಿಲ್ಲ, ಆರ್ಟ್ಸ್ ಕೊಡಿಸಿಬಿಡಿ" ಎಂದು ದೊಡ್ಡಪ್ಪನಿಂದ ಹಿಡಿದು ಎದುರುಮನೆಯವರ ತನಕ ಎಲ್ಲರೂ ಹೇಳುವವರೇ. ವಿಜ್ಞಾನದಲ್ಲಿ ಎಷ್ಟು ಬಂತು ಎಂದು ಕೇಳುವವರಿಲ್ಲ. ಡಾಕ್ಟರಾಗುತ್ತೇನೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಹುಡುಗಿಯ ಆಸೆ ಒಂದು ಸಂಜೆಯ ಮಾತುಕತೆಯಲ್ಲಿ ಮಣ್ಣುಪಾಲಾಗುತ್ತದೆ.

ನಾನು ಗಣಿತದ ಮೇಡಂ ಅಲ್ಲ, ಸಮಾಜ ಪಾಠ ಹೇಳುವವಳು. ಆದರೆ ಅಂಕಪಟ್ಟಿ ಕೈಗಿಡುವಾಗ ಆ ಮಕ್ಕಳ ಮುಖ ನೋಡುವವಳು ನಾನು. ಅದಕ್ಕೇ ಹೇಳುತ್ತೇನೆ: ಈ ತೀರ್ಪು ಅನ್ಯಾಯದ್ದು, ಅಷ್ಟೇ ಅಲ್ಲ, ತಪ್ಪು ತಿಳಿವಳಿಕೆಯದ್ದು.

ಮೊದಲು ನಿಯಮವನ್ನೇ ನೋಡೋಣ. ಎಂ.ಬಿ.ಬಿ.ಎಸ್. ಸೇರಲು ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಗಣಿತ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ, 180 ಭೌತಶಾಸ್ತ್ರಕ್ಕೆ, 180 ರಸಾಯನಶಾಸ್ತ್ರಕ್ಕೆ. ನಮ್ಮ ಅನೇಕ ಕಾಲೇಜುಗಳಲ್ಲಿ ಜೀವಶಾಸ್ತ್ರ ಬೇಕೆಂದರೆ ಪಿ.ಸಿ.ಎಂ.ಬಿ.ಯೇ ಗತಿ, ನಿಜ. ಅಲ್ಲಿ ಗಣಿತದಲ್ಲಿ ಪಾಸಾಗಲೇಬೇಕು. ಆದರೆ ಆ ಅಂಕ ವೈದ್ಯಕೀಯ ಸೀಟಿನ ಲೆಕ್ಕಕ್ಕೆ ಸೇರುವುದಿಲ್ಲ. ಸಿ.ಬಿ.ಎಸ್.ಇ.ಯವರು 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಪ್ರಶ್ನೆಪತ್ರಿಕೆ ಮಾಡಿದ್ದಾರೆ. ಪಾಠ ಒಂದೇ, ಪ್ರಶ್ನೆಗಳು ಮಾತ್ರ ಬೇಸಿಕ್‌ನಲ್ಲಿ ಸುಲಭ. ಬೇಸಿಕ್ ಬರೆದ ಹುಡುಗಿಗೂ ಜೀವಶಾಸ್ತ್ರದ ಬಾಗಿಲು ತೆರೆದೇ ಇದೆ.

"ಹಾಗಾದರೆ ಡಾಕ್ಟರಿಗೆ ಗಣಿತವೇ ಬೇಡ, ಬಿಟ್ಟುಬಿಡಿ" ಎನ್ನುವ ಇನ್ನೊಂದು ಗುಂಪಿದೆ. ಇವರ ಮಾತೂ ನಂಬುವಂಥದ್ದಲ್ಲ. ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ಭೌತಶಾಸ್ತ್ರಕ್ಕೆ ಅನುಪಾತ, ಹತ್ತರ ಘಾತಗಳು, ತ್ರಿಕೋನಮಿತಿ, ನಕ್ಷೆ ಓದುವುದು ಬೇಕು. ರಸಾಯನಶಾಸ್ತ್ರದಲ್ಲಿ ಆಮ್ಲೀಯತೆ ಲೆಕ್ಕ ಹಾಕಲು ಲಾಗರಿದಮ್ ಬೇಕು. ಮುಂದೆ ಆಸ್ಪತ್ರೆಯಲ್ಲಿ? 12 ಕಿಲೋ ತೂಕದ ಮಗುವಿಗೆ ಜ್ವರ. ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಸಿಟಮಾಲ್ ಕೊಡಬೇಕೆಂದರೆ ಒಟ್ಟು 180 ಮಿಲಿಗ್ರಾಂ. ಸಿರಪ್ಪಿನ 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇದ್ದರೆ ಕೊಡಬೇಕಾದದ್ದು 7.5 ಮಿಲಿಲೀಟರ್. ಈ ಲೆಕ್ಕ ತಪ್ಪಿದರೆ ಕೆಂಪು ಶಾಯಿಯ ಗೆರೆ ಬೀಳುವುದಿಲ್ಲ, ಮಗುವಿನ ಜೀವಕ್ಕೆ ಕುತ್ತು ಬರುತ್ತದೆ.

ಆದರೆ ಗಮನಿಸಿ, ಆ ಲೆಕ್ಕ ಬರೀ ತ್ರೈರಾಶಿಯದ್ದು. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಹೈಸ್ಕೂಲಿನ ಗಣಿತವೇ. ಹತ್ತನೇ ತರಗತಿಯಲ್ಲಿ ಎಡವುವ ಎಷ್ಟೋ ಮಕ್ಕಳ ತೊಡಕು ಹತ್ತನೇ ತರಗತಿಯದ್ದಲ್ಲ. ಐದು, ಆರನೇ ತರಗತಿಯ ಭಿನ್ನರಾಶಿಯಲ್ಲಿ, ದಶಮಾಂಶದಲ್ಲಿ ತಪ್ಪಿದ ಹೆಜ್ಜೆ ಅದು. ತಳಪಾಯವಿಲ್ಲದೆ ಮೇಲೆ ಮೇಲೆ ಕಟ್ಟುತ್ತಾ ಹೋದರೆ ಗಣಿತ ಯಾರಿಗಾದರೂ ಕಬ್ಬಿಣದ ಕಡಲೆಯೇ!

ಅಮೆರಿಕದ ಉದಾಹರಣೆ ನೋಡಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜು. ಗಣಿತದಲ್ಲಿ ಹಿಂದುಳಿದವರು ಪದವಿಯ ಮೊದಲ ವರ್ಷ ಬೀಜಗಣಿತದಿಂದಲೇ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬರಬಹುದು. ಅಲ್ಲಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲೂ ಕ್ಯಾಲ್ಕುಲೇಟರ್ ಇಲ್ಲ, ಆದರೆ ಕಲನಶಾಸ್ತ್ರವನ್ನೂ ಕೇಳುವುದಿಲ್ಲ. ಕೆಳಗಿನಿಂದ ಶುರುಮಾಡಲು ಅಲ್ಲಿ ಕಾಲಾವಕಾಶವಿದೆ. ನಮ್ಮಲ್ಲಿ ಹದಿನಾರನೇ ವಯಸ್ಸಿಗೇ ಹಣೆಬರಹ ಬರೆದು ಮುಗಿಸುತ್ತೇವೆ.

ಅದೂ ಯಾರ ಹಣೆಬರಹ? ಅದೇ 45 ಅಂಕ ಮಗನಿಗೆ ಬಂದಿದ್ದರೆ "ಹುಡುಗ ಬುದ್ಧಿವಂತ, ಓದೋದಿಲ್ಲ ಅಷ್ಟೆ" ಎಂದು ಸಾಲ ಮಾಡಿಯಾದರೂ ಟ್ಯೂಷನ್ನಿಗೆ ಹಾಕುತ್ತಾರೆ. ಮಗಳಿಗೆ ಬಂದರೆ "ಅವಳ ತಲೆಗೆ ಹತ್ತೋದಿಲ್ಲ" ಎನ್ನುತ್ತಾರೆ. ಒಂದೇ ಅಂಕ, ಎರಡು ಅರ್ಥ! ಇದು ಗಣಿತದ ದೋಷವೇ, ನೋಡುವ ಕಣ್ಣಿನ ದೋಷವೇ?

ಕಾಲೇಜುಗಳಿಗೂ ಒಂದು ಮಾತು ಕೇಳಬೇಕಾಗಿದೆ. ಫಲಿತಾಂಶದ ಫಲಕ ಚೆನ್ನಾಗಿ ಕಾಣಲೆಂದು ಗಣಿತದ ಅಂಕ ನೋಡಿಯೇ ಮಕ್ಕಳನ್ನು ಬಾಗಿಲಲ್ಲಿ ತಡೆಯುವುದು ಯಾವ ವಿದ್ಯಾದಾನ? ಲಕ್ಷಗಟ್ಟಲೆ ಶುಲ್ಕ ವಸೂಲಿ ಮಾಡುವ ಕೋಚಿಂಗಿನವರು ಮೊದಲ ತಿಂಗಳು ಭಿನ್ನರಾಶಿ, ಅನುಪಾತಗಳನ್ನು ಕಲಿಸಿದರೆ ಅವರ ಗಂಟೇನು ಹೋಗುತ್ತದೆ?

ನೀಟ್ ಸುಲಭವೆಂದು ನಾನು ಹೇಳುತ್ತಿಲ್ಲ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆ ಅದು. ಸೀಟು ಸಿಗದಿರಬಹುದು. ಸಿಗದಿದ್ದರೂ ವಿಜ್ಞಾನ ಓದಿದವಳಿಗೆ ನರ್ಸಿಂಗ್ ಇದೆ, ಫಾರ್ಮಸಿ ಇದೆ. ಪರೀಕ್ಷೆ ಬರೆದು ಸೋಲುವುದು ಬೇರೆ, ಪರೀಕ್ಷೆಗೇ ಕೂರಿಸದೆ ಸೋಲಿಸುವುದು ಬೇರೆ.

ಆದ್ದರಿಂದ ತಾಯಂದಿರೇ, ಫಲಿತಾಂಶದ ದಿನ ತೀರ್ಮಾನ ಮಾಡಬೇಡಿ. ಯಾವ ತರಗತಿಯಿಂದ ಗಣಿತ ಕೈತಪ್ಪಿತು ಎಂದು ಮಗಳನ್ನು ಕೂರಿಸಿಕೊಂಡು ಕೇಳಿ. ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲಿ ಆ ತರಗತಿಯ ಪುಸ್ತಕವನ್ನೇ ತಂದುಕೊಡಿ. ಹದಿನಾರರ ಹುಡುಗಿ ಆರನೇ ತರಗತಿಯ ಲೆಕ್ಕ ಮಾಡುವುದರಲ್ಲಿ ನಾಚಿಕೆಯೇನೂ ಇಲ್ಲ. ಕಲಿಯುವ ಮನಸ್ಸಿದ್ದವಳನ್ನು ಕಲಿಯಗೊಡದಿರುವುದೇ ನಾಚಿಕೆ.