ಮಳೆಗೂ ಒಂದು ಪಾಯಿಂಟು, ಹಿಂದೆ ಬಿದ್ದೋರಿಗೂ ಒಂದು ಪಾಯಿಂಟು

ಮೊನ್ನೆ ಮಗಳು ಆಟ ಮುಗಿಸ್ಕೊಂಡು ಬಂದೋಳು ಬ್ಯಾಗು ಮೂಲೆಗೆ ಎಸೆದು, ಅಡಿಕೆ ಸುಲೀತಾ ಕೂತಿದ್ದ ನಮ್ಮ ಮಧ್ಯೆ ಬಂದು ಕೂತ್ಲು. ಮಾತಿಲ್ಲ ಕತೆಯಿಲ್ಲ. ಆಮೇಲೆ ತಿಳೀತು, ಇವರ ಮ್ಯಾಚು ಅರ್ಧಕ್ಕೇ ಮಳೆ ಬಂದು ನಿಂತೈತೆ, ಕೊನೆಗೆ ನಾಣ್ಯ ಚಿಮ್ಮಿ ಯಾರು ಮುಂದಕ್ಕೆ ಅಂತ ತೀರ್ಮಾನ ಮಾಡ್ಯಾರೆ. ಇವರದ್ದು ಎಂಟು ಓವರಿಗೆ 61 ಆಗಿತ್ತಂತೆ. "ಅಮ್ಮ, ನಾವು ಹೊಡೆದಿದ್ದು ಎಲ್ಲಿಗೆ ಹೋತು?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ನಿಮಗೆ ಗೊತ್ತಲ್ಲ, ನಮ್ಮನೇಲಿ ರಣಜಿ ಹುಚ್ಚು ಮಾವನೋರಿಂದ ಬಂದಿದ್ದು. 1981-82ರ ಫೈನಲ್ಲು ಅವರಿಗೆ ಮರೆಯಾದ ದಿನ ಇಲ್ಲ. ದೆಹಲಿ ಮೇಲೆ ನಮ್ಮೋರು 705 ಹೊಡೆದ್ರು. ಏಳುನೂರ ಐದು ಕಣ್ರೀ! ಪಟೇಲು, ಬಿನ್ನಿ, ಕಿರ್ಮಾನಿ ಎಲ್ಲರದ್ದೂ ನೂರು. ದೆಹಲಿಯೋರು ಎಂಟು ವಿಕೆಟ್ಟಿಗೆ 707 ಮಾಡಿ ಟ್ರೋಫಿ ಎತ್ಕೊಂಡು ಹೋದ್ರು. ಎರಡನೇ ಇನ್ನಿಂಗ್ಸು ಅನ್ನೋದೇ ಬರ್ಲಿಲ್ಲ. ಮೊದಲ ಇನ್ನಿಂಗ್ಸಲ್ಲಿ ಯಾರು ಮುಂದೋ ಅವರು ಗೆದ್ದಂಗೆ, ಅದೇ ನಿಯಮ. ಮುಂದಿನ ವರ್ಷ ಅದೇ ನಿಯಮದ ಮೇಲೆ ನಾವು ಬಾಂಬೆಯೋರನ್ನ ಅವರ ಊರಲ್ಲೇ ಸೋಲಿಸಿದ್ವಿ. ಅದನ್ನ ಮಾತ್ರ ಮಾವ ನಾವು ಕೇಳಿದ್ರೇನೆ ಹೇಳೋರು.

ಈ ನಿಯಮ ಅನ್ಯಾಯ ಅಂತ ನಮ್ಮ ಯಜಮಾನರ ವಾದ. ಗೆಲ್ಲಬೇಕು, ಇಲ್ಲ ಸೋಲಬೇಕು, ಇದೇನಿದು ಅರ್ಧಂಬರ್ಧ ಅಂತಾರೆ. ನಾನು ಒಪ್ಪಲ್ಲ. ಸುಲಿಗೆಗೆ ಬಂದೋರಿಗೆ ಡಬ್ಬದ ಲೆಕ್ಕ ಕೊಡ್ತೀವಲ್ಲ? ರಾಶಿ ಪೂರ್ತಿ ಮುಗೀಲಿಲ್ಲ ಅಂತ ಕೂಲಿ ಇಟ್ಕೊಂತೀವಾ? ನಾಲ್ಕು ದಿನ ಬಿಸಿಲಲ್ಲಿ ನಿಂತೋರಿಗೆ ಮಾಡಿದಷ್ಟಕ್ಕೆ ಸಿಗಬೇಕು. ಅದಕ್ಕೇ ಲೀಗಲ್ಲಿ ಪೂರ್ತಿ ಗೆದ್ರೆ 6 ಪಾಯಿಂಟು, ಇನ್ನಿಂಗ್ಸ್ ಅಂತರದಲ್ಲೋ ಹತ್ತು ವಿಕೆಟ್ಟಲ್ಲೋ ಗೆದ್ರೆ ಮೇಲೊಂದು. ಡ್ರಾ ಆದ್ರೆ ಮೊದಲ ಇನ್ನಿಂಗ್ಸ್ ಮುಂದಿದ್ದೋರಿಗೆ 3, ಹಿಂದಿದ್ದೋರಿಗೆ 1. ಸೋತೋರಿಗೆ ಸೊನ್ನೆ. ಇಲ್ಲಿಗಂಟ ನನಗೆ ತಕರಾರಿಲ್ಲ.

ಕೇರಳದೋರನ್ನೇ ನೋಡ್ರಿ, 2024-25ರಲ್ಲಿ. ಕ್ವಾರ್ಟರ್ ಫೈನಲ್ಲು ಜಮ್ಮು ಕಾಶ್ಮೀರದ 280ಕ್ಕೆ ಇವರದ್ದು 281, ಒಂದೇ ಒಂದು ರನ್ನು. ಸೆಮಿಫೈನಲ್ಲು ಗುಜರಾತ್ ಮೇಲೆ 457ಕ್ಕೆ 455. ಆ ಕೊನೇ ವಿಕೆಟ್ಟು ಹೆಂಗೆ ಬಿತ್ತು ಅಂತೀರಿ, ಹೊಡೆದ ಚೆಂಡು ಹತ್ರ ನಿಂತಿದ್ದ ಹುಡುಗನ ಹೆಲ್ಮೆಟ್ಟಿಗೆ ಬಡಿದು, ಎಗರಿ ಸ್ಲಿಪ್ಪಲ್ಲಿದ್ದ ನಾಯಕನ ಕೈಗೇ ಬಂತು. ಫೈನಲ್ಲಲ್ಲಿ ವಿದರ್ಭದ 379ಕ್ಕೆ ಇವರು 342 ಮಾಡಿ ಕಪ್ಪು ಬಿಟ್ರು. ಮೂರೂ ಡ್ರಾ. ಬೇಜಾರಿನ ಆಟ ಅನ್ನೋರು ಆ ಸೆಮಿಫೈನಲ್ಲಿನ ಕೊನೇ ಬೆಳಗ್ಗೆ ನಮ್ಮ ಹಟ್ಟೀಲಿ ಕೂತು ನೋಡಬೇಕಿತ್ತು, ಎಸರಿಗೆ ರಾಗಿಹಿಟ್ಟು ಹಾಕೋದೂ ಮರೆತಿದ್ದೆ.

ನನ್ನ ತಕರಾರು ಮಳೆ ಲೆಕ್ಕದ್ದು. ಅದೇ ವರ್ಷ ಅಕ್ಟೋಬರ್ ನೆನಪೈತಲ್ಲ, ಬೇಯಿಸಿದ ಅಡಿಕೆ ಒಣಗಿಸೋಕೆ ಜಾಗ ಇಲ್ದೆ ಟಾರ್ಪಾಲು ಮುಚ್ಚೋದು, ತೆಗೆಯೋದು, ಮುಚ್ಚೋದು. ಬೆಂಗಳೂರಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಒಂದು ಬಾಲೂ ಬೀಳ್ಲಿಲ್ಲ, ಮಾರನೇ ದಿನ ಭಾರತ 46ಕ್ಕೆ ಆಲೌಟ್ ಆತಲ್ಲ, ಅದೇ ವಾರ ಆಲೂರಲ್ಲಿ ಕರ್ನಾಟಕ-ಕೇರಳ ಮ್ಯಾಚು ತೊಳೆದುಕೊಂಡು ಹೋತು. ಅದಕ್ಕೆ ಮೊದಲು ಇಂದೋರಲ್ಲೂ ಪೂರ್ತಿ ಆಗ್ಲಿಲ್ಲ. ಎರಡರಲ್ಲೂ ಒಂದೊಂದೇ ಪಾಯಿಂಟು.

ಈಗ ಲೆಕ್ಕ ಹಾಕ್ರಿ. ಡ್ರಾ ಆದ ಮ್ಯಾಚಲ್ಲಿ ಮೂರೂ ಒಂದೂ ಸೇರಿ ನಾಲ್ಕು ಪಾಯಿಂಟು ಹಂಚ್ತಾರೆ. ಮಳೆ ಬಂದು ಮೊದಲ ಇನ್ನಿಂಗ್ಸೇ ಮುಗೀದಿದ್ರೆ ಒಂದೊಂದು, ಒಟ್ಟು ಎರಡು. ಉಳಿದ ಎರಡು ಯಾರ ಹೊಟ್ಟೆಗೆ ಹೋತು? ಒಂದು ದಿನದ ವಿಜಯ್ ಹಜಾರೆಯಲ್ಲಿ ಗೆದ್ರೆ 4, ಮಳೆ ಬಂದ್ರೆ ಇಬ್ಬರಿಗೂ 2, ಅಂದ್ರೆ ಅರ್ಧ. ಇಲ್ಲಿ ಆರರಲ್ಲಿ ಒಂದು. ನಾಲ್ಕು ದಿನ ಆಡಿ ಹಿಂದೆ ಬಿದ್ದೋನಿಗೂ ಒಂದು, ಪೆವಿಲಿಯನ್ನಲ್ಲಿ ಚಾ ಕುಡೀತಾ ಕೂತೋನಿಗೂ ಒಂದು. ಇದು ತಕ್ಕಡಿ ಕೆಟ್ಟಿರೋದು. ಇಬ್ಬರಿಗೂ ಎರಡೆರಡು ಕೊಡಲಿ ಅಂತ ನನ್ನ ಮಾತು.

ಯಜಮಾನರು ಬಿಡ್ತಾರಾ? ಹಂಗಾದ್ರೆ ಸೋಲೋ ತಂಡ ಓವರು ಎಳೆದೂ ಎಳೆದು ಇನ್ನಿಂಗ್ಸು ಮುಗೀದಂಗೆ ನೋಡ್ಕೊಂತದೆ ಅಂದ್ರು. ಅದು ಸರಿಯಾದ ಮಾತೇ. ಅದಕ್ಕೆ ಎರಡು ದಿನದಷ್ಟು ಆಟ ಮಳೇಲೇ ಹೋಗಿದ್ರೆ ಮಾತ್ರ ಎರಡೆರಡು ಅಂತ ನಾನು ತಿದ್ದಿದೆ. ಅದಕ್ಕೆ ಅವರು ಸುಮ್ಮನಾದ್ರು, ಒಪ್ಪಿದ್ರೋ ನಿದ್ದೆ ಬಂತೋ ಗೊತ್ತಿಲ್ಲ.

ಹಂಗಂತ ನಮ್ಮೋರು ಆ ವರ್ಷ ಕ್ವಾರ್ಟರ್ ಫೈನಲ್ಲಿಗೆ ಹೋಗ್ದಿದ್ದಕ್ಕೆ ಮಳೆನೇ ಕಾರಣ ಅಂತ ನಾನು ಅನ್ನಲ್ಲ. ಆಲೂರಿನ ಮಳೆ ಕೇರಳದೋರ ಮೇಲೂ ಸುರಿದಿತ್ತು, ಅವರು ಹೋಗ್ಲಿಲ್ವಾ? ಜನವರೀಲಿ ಪಂಜಾಬನ್ನ ಇನ್ನಿಂಗ್ಸು ಮತ್ತು 207 ರನ್ನಿಂದ ಬಡಿದು ಏಳಕ್ಕೆ ಏಳೂ ತಗೊಂಡ್ರು, ಸ್ಮರಣ್ ಅನ್ನೋ ಹುಡುಗ 203 ಹೊಡೆದ. ಮುಂದಿನ ಮ್ಯಾಚಲ್ಲಿ ರಾಹುಲ್ ಇದ್ದೂ ಹರಿಯಾಣದೋರಿಗೆ ಮೊದಲ ಇನ್ನಿಂಗ್ಸು ಬಿಟ್ಟುಕೊಟ್ರು. ನಮ್ಮ ದಾವಣಗೆರೆ ವಿನಯ್ ಕುಮಾರ್ ನಾಯಕ ಆಗಿದ್ದಾಗ, 2014-15ರ ಫೈನಲ್ಲಲ್ಲಿ ತಮಿಳುನಾಡಿನ ಐದು ವಿಕೆಟ್ಟು ಕಿತ್ತು ತಾನೇ ನೂರೂ ಹೊಡೆದಿದ್ದ. ಹಂಗೆ ಆಡಿದ್ರೆ ಪಾಯಿಂಟಿನ ಲೆಕ್ಕ ಯಾರಿಗೆ ಬೇಕು?

ಮಗಳಿಗೆ ಇದೆಲ್ಲ ಹೇಳಿದೆ. ಕೇಳಿಸ್ಕೊಂಡು, "ಹಂಗಾದ್ರೆ ನಮ್ಮ 61ಕ್ಕೆ ಎಷ್ಟು?" ಅಂದ್ಲು. ಅವರ ಸರ್ ಹತ್ರ ಕೇಳು, ಮುಂದಿನ ಸಲ ಟಾಸಿನ ಬದಲು ಇನ್ನೊಂದು ದಿನ ಇಟ್ಕೊಳ್ರಿ ಅಂತ ಕಾಗದ ಬರಿ ಅಂದಿದೀನಿ. ಬರೆದಾಳೆ, ಅರ್ಧ ಪುಟ. ನಿಮ್ಮ ಹೆಣ್ಮಕ್ಕಳೂ ಅದೇ ತಂಡದಲ್ಲಿ ಇದಾರಲ್ಲ, ನಾಳೆ ಸುಲಿಗೆಗೆ ಬಂದಾಗ ನೀವೂ ಸಹಿ ಹಾಕ್ರಿ.