ಮಿರಗದ ಮಳೆ ಕೂಡುವ ಮೊದಲು ಪಾಲಿಕೆಯ ಬಾಗಿಲಿಗೆ ಬನ್ನಿ

ಕುಪವಾಡ ಎಂಐಡಿಸಿಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಸುತ್ತಲಿನ ಬಡಾವಣೆಗಳ ತಾಯಂದಿರೇ, ಸಣ್ಣ ಕಾರ್ಖಾನೆಗಳ ಮಾಲಕರೇ,

ಏಪ್ರಿಲ್-ಮೇ ಬಂದರೆ ಸಾಂಗಲಿ, ಮಿರಜ ಸುತ್ತ ಪಾರಾ 40 ಡಿಗ್ರಿ ಮುಟ್ಟುತ್ತದೆ. ಅದು ನೆರಳಿನಲ್ಲಿ ಅಳೆದ ಲೆಕ್ಕ. ತಗಡಿನ ಶೆಡ್ಡಿನ ಕೆಳಗೆ, ಭಟ್ಟಿಯ ಮುಂದೆ ನಿಂತವರ ಲೆಕ್ಕ ಬೇರೆ. ಅದನ್ನು ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ. ಫೌಂಡ್ರಿಯಲ್ಲಿ ಕಾದ ಲೋಹ ಸುರಿಯುವವರು, ಫೆಟ್ಲಿಂಗ್ ಮಾಡುವವರು, ಕೂತಲ್ಲೇ ಕೂತು ಬೇದಾಣೆ ಆರಿಸುವ ಹೆಣ್ಣುಮಕ್ಕಳು, ಮಟಮಟ ಮಧ್ಯಾಹ್ನ ಟ್ರಕ್ಕಿಗೆ ಮಾಲು ಹೇರುವ ಹಮಾಲರು, ಇವರಲ್ಲಿ ಯಾರಾದರೂ ತಲೆ ತಿರುಗಿ ಕುಸಿದರೆ ‘ಚಕ್ಕರ್ ಬಂತು’ ಎಂದು ಮನೆಗೆ ಕಳಿಸುತ್ತಾರೆ. ಅರ್ಧ ದಿನದ ಪಗಾರ ಹೋಗುತ್ತದೆ. ಬಿಸಿಲಿಗೆ ಬಿದ್ದರು ಎಂದು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಬರೆಯದೇ ಹೋದದ್ದಕ್ಕೆ ಪಾಲಿಕೆ ಹಣ ತೆಗೆದಿಡುವುದೂ ಇಲ್ಲ.

ಬಿಸಿಲು ಇಳಿಯಿತು ಅನ್ನುವಷ್ಟರಲ್ಲಿ ಹೊಳೆಯ ಚಿಂತೆ. 2005ರಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 53 ಅಡಿ ದಾಟಿದಾಗ, ಇಂಥದ್ದು ಜೀವಮಾನದಲ್ಲಿ ಒಮ್ಮೆ ಎಂದುಕೊಂಡೆವು. 2019ರ ಆಗಸ್ಟ್‌ನಲ್ಲಿ 57 ಅಡಿ ದಾಟಿತು. ಎರಡೇ ವರ್ಷ ಕಳೆದು, 2021ರ ಜುಲೈನಲ್ಲಿ ಮತ್ತೆ 55 ಅಡಿಯ ಹತ್ತಿರಕ್ಕೆ ಬಂತು. ಅಲ್ಲಿ 40 ಅಡಿ ಎಂದರೆ ಎಚ್ಚರಿಕೆಯ ಮಟ್ಟ, 45 ಅಡಿ ಎಂದರೆ ಅಪಾಯದ ಮಟ್ಟ. 2019ರ ಆಗಸ್ಟ್ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಸತ್ತವರನ್ನು ನಾವು ಮರೆತಿಲ್ಲ. ಸರ್ಕಾರದ ದೋಣಿ ಬರುವ ತನಕ ಕಾಯಲಾರದೆ ಊರಿನವರೇ ಊರಿನ ದೋಣಿ ಇಳಿಸಿದ್ದರು.

ಇವೆಲ್ಲದರ ನಡುವೆ ಇನ್ನೊಂದು ವರ್ಷವನ್ನೂ ನೆನಪಿಡಿ. 2016ರ ಏಪ್ರಿಲ್ 11ರಂದು ಇದೇ ಮಿರಜ ಸ್ಟೇಶನ್ನಿನಿಂದ ಹತ್ತು ವ್ಯಾಗನ್ನುಗಳಲ್ಲಿ 5 ಲಕ್ಷ ಲೀಟರ್ ಕೃಷ್ಣೆಯ ನೀರು ತುಂಬಿಕೊಂಡು ಲಾತೂರಿಗೆ ರೈಲು ಹೊರಟಿತು, ಅಲ್ಲಿ ಕುಡಿಯಲು ಹನಿ ನೀರಿರಲಿಲ್ಲ. ನಮ್ಮದೇ ಜಿಲ್ಲೆಯ ಜತ್ತ, ಆಟಪಾಡಿ, ಕವಠೆ ಮಹಾಂಕಾಳದ ಜನರೂ ಟ್ಯಾಂಕರಿನ ದಾರಿ ಕಾಯುತ್ತ ಬಂದವರೇ. ಮೂರು ವರ್ಷದ ನಂತರ ಅದೇ ಕೃಷ್ಣೆ ಸಾಂಗಲಿಯ ಪೇಟೆಯೊಳಗೆ ನುಗ್ಗಿತು. ಬರವೂ ಹೊಳೆಯೂ ಒಂದೇ ಜಿಲ್ಲೆಯಲ್ಲಿ, ಒಂದೇ ಕುಟುಂಬದ ಮೇಲೆ ಸರದಿ ಹಚ್ಚಿ ಬರುತ್ತಿವೆ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಳೆ ತಡೆದು ತಡೆದು, ಬಂದಾಗ ಒಮ್ಮೆಗೇ ಸುರಿಯುವುದು ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಅಂಥ ಮಳೆ ಮಹಾಬಳೇಶ್ವರದ ಗುಡ್ಡದ ಮೇಲೂ ಕೊಯ್ನಾದ ನೆತ್ತಿಯ ಮೇಲೂ ಸುರಿದಾಗ ಕೆಳಗೆ ಇರುವವರು ನಾವು.

‘ಕುಪವಾಡ ಎತ್ತರದಲ್ಲಿದೆ, ಹೊಳೆ ಇಲ್ಲಿಗೆ ಬರುವುದಿಲ್ಲ’ ಎನ್ನುವವರಿದ್ದಾರೆ. ನಿಜ, ನಮ್ಮ ಶೆಡ್ಡುಗಳೊಳಗೆ ಕೃಷ್ಣೆ ಬರಲಿಲ್ಲ. ಆದರೆ 2019ರಲ್ಲಿ ನದಿದಡದ ಪಂಪುಗಳು ಮುಳುಗಿ, ಸುತ್ತಲೂ ನೀರೇ ನೀರಿದ್ದರೂ ನಲ್ಲಿಯಲ್ಲಿ ಕುಡಿಯುವ ನೀರು ಬರಲಿಲ್ಲ. ರಸ್ತೆ ಕಟ್ಟಾಗಿ ಕಚ್ಚಾ ಮಾಲು ಬರಲಿಲ್ಲ, ತಯಾರಾದ ಮಾಲು ಹೋಗಲಿಲ್ಲ, ದಿನಗೂಲಿಯವರ ಹಾಜರಿ ಬೀಳಲಿಲ್ಲ. ಇಲ್ಲಿ ದುಡಿಯುವವರಲ್ಲಿ ಎಷ್ಟು ಜನ ಉಗಾರ, ಕುಡಚಿ, ಕಾಗವಾಡ, ಅಥಣಿ, ರಾಯಬಾಗ ಕಡೆಯವರು! ಕುಡಚಿಯ ಸೇತುವೆ ಮುಳುಗಿತೆಂದರೆ ಜಮಖಂಡಿ-ಮಿರಜ ದಾರಿಯೇ ನಿಂತುಹೋಗುತ್ತದೆ. ಇತ್ತ ಕೆಲಸವಿಲ್ಲ, ಅತ್ತ ಊರಿನ ಮನೆಯೊಳಗೆ ನೀರು, ನಡುವೆ ಹೋಗಿ ನೋಡಿಕೊಂಡು ಬರಲು ಹಾದಿಯಿಲ್ಲ. ಎತ್ತರದ ಕುಪವಾಡದವರಿಗೆ ಹೊಳೆ ಮುಟ್ಟುವುದು ಹೀಗೆ.

ಇನ್ನೊಂದು ಮಾತನ್ನು ಮಾಲಕರಿಗೂ ಹೇಳಬೇಕು. ಎತ್ತರದಲ್ಲಿ ಬಿದ್ದ ನೀರು ಇಳಿಯುವುದು ತಗ್ಗಿಗೇ. ಇಲ್ಲಿ ಪ್ಲಾಟು ಪ್ಲಾಟಿಗೂ ಕಾಂಕ್ರೀಟು ಹಾಸಿ, ನಾಲಾದ ಅಂಚಿಗೆ ಭರಾವು ಹಾಕಿ, ಇದ್ದೊಂದು ಮರವನ್ನೂ ಕಡಿದರೆ ಆ ನೀರು ಒಂದು ಗಂಟೆಯಲ್ಲಿ ಕೆಳಗಿನ ಬಡಾವಣೆಗಳ ಅಂಗಳದಲ್ಲಿರುತ್ತದೆ. ಸಾಂಗಲಿಯ ಶಾಮರಾವ ನಗರದಂಥ ತಗ್ಗಿನ ಜಾಗದಲ್ಲಿ ನದಿ ಏರದಿದ್ದರೂ ಬರಿ ಮಳೆಗೇ ನೀರು ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಚಾವಣಿಯ ನೀರನ್ನು ನಮ್ಮ ನೆಲದಲ್ಲೇ ಇಂಗಿಸಿದರೆ ಬೇಸಿಗೆಯ ಬೋರವೆಲ್ಲಿಗೂ ಆದೀತು, ಕೆಳಗಿನವರಿಗೂ ಆದೀತು.

ಹೊಳೆ ಏನೆಲ್ಲ ಒಯ್ಯಬಲ್ಲದು ಎಂಬುದಕ್ಕೆ ಸಾಂಗಲಿ ಪಕ್ಕದ ಹರಿಪುರದ ಹಳದಿಯ ಹಗೇವುಗಳ ಕಥೆ ಇದೆ, ಹಿರಿಯರಿಗೆ ಅದು ಗೊತ್ತು. ಅಲ್ಲಿನ ಮಣ್ಣಿನಲ್ಲಿ ತೋಡಿದ ಆ ಹಗೇವುಗಳಲ್ಲಿ ಹಳದಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ಸಾಂಗಲಿಯ ಹಳದಿ ಪೇಟೆಯ ಹೆಸರಿನ ಹಿಂದೆ ಅವೂ ಇದ್ದವು. 2005ರ ಹೊಳೆ ಅವುಗಳೊಳಗೆ ನುಗ್ಗಿ ಎಷ್ಟೋ ಹಗೇವು ಹಾಳಾದವು. ತಲೆಮಾರುಗಳ ತಿಳಿವಳಿಕೆ ಕೆಲವೇ ದಿನಗಳಲ್ಲಿ ನೀರುಪಾಲಾಯಿತು. ಇಂದು ಹಳದಿಯೂ ಬೇದಾಣೆಯೂ ಗೋದಾಮು, ಕೋಲ್ಡ್ ಸ್ಟೋರೇಜುಗಳನ್ನು ನಂಬಿವೆ, ಕೋಲ್ಡ್ ಸ್ಟೋರೇಜು ಕರೆಂಟನ್ನು ನಂಬಿದೆ. ಬಿಸಿಲು ಹೆಚ್ಚಾದಷ್ಟೂ ಕರೆಂಟಿನ ಮೇಲೆ ಹೊರೆ, ಮಳೆ ಹೆಚ್ಚಾದರೆ ಸಬ್‌ಸ್ಟೇಶನ್ನಿಗೆ ನೀರಿನ ಭಯ. ಇದನ್ನು ಮೊದಲೇ ಕೂತು ಲೆಕ್ಕ ಹಾಕುವವರು ಯಾರು?

ಅದೇ ನಮ್ಮ ಪ್ರಶ್ನೆ. ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆ 1998ರಲ್ಲಿ ಹುಟ್ಟಿತು. ಅದರ ಹೆಸರಿನಲ್ಲಿ ಕುಪವಾಡ ಕೊನೆಗೆ ಬರುತ್ತದೆ, ಕೆಲಸದಲ್ಲೂ ಕೊನೆಗೇ ಬಂದಿದೆ. ಒಳಚರಂಡಿಗಾಗಿ ನಾವು ಕಾದ ವರ್ಷಗಳೇ ಸಾಕ್ಷಿ. ಎಂಐಡಿಸಿಯ ಒಳಗಂತೂ ಯಾರನ್ನು ಕೇಳಬೇಕೆಂಬುದೇ ಗೊತ್ತಾಗುವುದಿಲ್ಲ. ಪ್ಲಾಟು, ಕಟ್ಟಡದ ಪರವಾನಗಿ, ಕಾರ್ಖಾನೆಯ ನೀರು ಔದ್ಯೋಗಿಕ ಮಹಾಮಂಡಳದ್ದು. ಮನೆ ಇರುವ ಬಡಾವಣೆ ಪಾಲಿಕೆಯದ್ದು. ಬಾಮಣೋಳಿಯ ಕಡೆಗೆ ಹೋದರೆ ಗ್ರಾಮ ಪಂಚಾಯತಿ. ನಾಲಾ ತುಂಬಿದಾಗ ಅದು ಯಾರ ಹದ್ದಿನಲ್ಲಿದೆ ಎಂದು ಕೇಳಿಕೊಂಡು ಹರಿಯುವುದಿಲ್ಲ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಬೆರಳು ತೋರಿಸುವ ಮಾತು ಬಂತು, ಆಲಮಟ್ಟಿಯ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇವೆ. ಕರ್ನಾಟಕದ ಆ ಅಣೆಕಟ್ಟಿನ ಹಿನ್ನೀರಿನಿಂದಲೇ ಸಾಂಗಲಿಗೆ ಹೊಳೆ ಬರುತ್ತದೆ ಎಂದು ಪ್ರತಿ ಮಳೆಗಾಲ ಜಗಳ ಏಳುತ್ತದೆ, ಮನೆಯಲ್ಲಿ ಕನ್ನಡ ಆಡುವ ನಾವು ತಲೆ ತಗ್ಗಿಸಿ ಕೂರುತ್ತೇವೆ. ಎರಡೂ ರಾಜ್ಯಗಳ ಅಧಿಕಾರಿಗಳು ನೀರು ಬಿಡುವ ಲೆಕ್ಕವನ್ನು ತಾಸು ತಾಸಿಗೂ ಹಂಚಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2019ರ ಹೊಳೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೆರೆ ಸಮಿತಿ, 2020ರಲ್ಲಿ ಕೊಟ್ಟ ವರದಿಯಲ್ಲಿ ಆ ಹೊಳೆಗೆ ಆಲಮಟ್ಟಿ ಅಣೆಕಟ್ಟು, ಹಿಪ್ಪರಗಿ ಬ್ಯಾರೇಜು ಕಾರಣವಲ್ಲ ಎಂದಿತು. ಕೆಲವೇ ದಿನಗಳಲ್ಲಿ ಸುರಿದ ಅತಿವೃಷ್ಟಿಯನ್ನೂ ನದಿಪಾತ್ರದ ಒತ್ತುವರಿಯನ್ನೂ ಎತ್ತಿ ತೋರಿಸಿತು. 25 ವರ್ಷಕ್ಕೊಮ್ಮೆ ಬರಬಹುದಾದ ಹೊಳೆಗೆ ನೀಲಿ ರೇಖೆ, 100 ವರ್ಷಕ್ಕೊಮ್ಮೆಯದಕ್ಕೆ ಕೆಂಪು ರೇಖೆ ಎಂದು ನಕಾಶೆಯಲ್ಲಿ ಗೆರೆ ಎಳೆದಿದ್ದಾರೆ. ಆ ಗೆರೆಯೊಳಗೆ ಪರವಾನಗಿ ಕೊಡುವುದು ಬಿಡುವುದು ನಮ್ಮ ಪಾಲಿಕೆಯ ಕೈಯಲ್ಲೇ ಇದೆ, ಅದಕ್ಕೆ ಆಲಮಟ್ಟಿಯನ್ನು ಕೇಳಬೇಕಾಗಿಲ್ಲ.

ಪಾಲಿಕೆ ಮಾಡಬಲ್ಲದೇ ಎಂದು ಕೇಳುವವರಿಗೆ ಅಹಮದಾಬಾದಿನ ಉದಾಹರಣೆ ಇದೆ. 2010ರ ಮೇ ತಿಂಗಳ ಉರಿಬಿಸಿಲಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಆ ಊರಿನ ಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲಿನ ಯೋಜನೆ ಮಾಡಿತು. ನಾಳೆ ಬಿಸಿಲು ಎಷ್ಟು ಎಂದು ಇಂದೇ ಬಣ್ಣದ ಲೆಕ್ಕದಲ್ಲಿ ಸಾರುವುದು, ದವಾಖಾನೆಗಳಿಗೆ ತಯಾರಿ, ರಸ್ತೆಯಲ್ಲಿ ಕುಡಿಯುವ ನೀರು, ಬಡವರ ಮನೆಯ ತಗಡಿಗೆ ಸುಣ್ಣದ ಬಿಳಿ ಬಣ್ಣ. ಇದರಲ್ಲಿ ಯಾವುದು ನಮ್ಮಿಂದಾಗದ್ದು? ಮುಂಬಯಿ 2022ರಲ್ಲಿ, ಬೆಂಗಳೂರು 2023ರಲ್ಲಿ ತಮ್ಮ ಹವಾಮಾನ ಯೋಜನೆ ಹೊರತಂದವು. ನಮ್ಮ ರಾಜ್ಯದಲ್ಲೇ 2020ರಿಂದ ‘ಮಾಝಿ ವಸುಂಧರಾ’ ಅಭಿಯಾನ ನಡೆದಿದೆ, ಪಂಚಭೂತಗಳ ಹೆಸರಿನಲ್ಲಿ ಊರುಗಳಿಗೆ ಅಂಕ ಕೊಡುತ್ತಾರೆ. ಅಂಕ ಬರಲಿ, ಸಂತೋಷ. ಭಟ್ಟಿಯ ಮುಂದೆ ನಿಂತವನಿಗೆ ಅದರಿಂದ ಏನು ಬಂತು ಎಂಬ ಲೆಕ್ಕವೂ ಬರಲಿ. ಕೃಷ್ಣಾ ಖೋರೆಯ ಹೊಳೆ ತಡೆಯಲು ವಿಶ್ವಬ್ಯಾಂಕಿನ ಸಾಲದ ದೊಡ್ಡ ಕಾರ್ಯಕ್ರಮವೂ ಬಂದಿದೆ. ಅದರಲ್ಲಿ ಕುಪವಾಡದ ಹೆಸರಿನ ಪುಟ ಯಾವುದು, ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ.

ನಾವು ಕೇಳುತ್ತಿರುವುದು ಆಕಾಶವನ್ನಲ್ಲ. ಮಿರಗ ಕೂಡುವ ಮೊದಲು ಎಂಐಡಿಸಿಯ ಎಲ್ಲ ನಾಲಾಗಳ ಹೂಳು ತೆಗೆಯಬೇಕು, ತೆಗೆದ ಹೂಳನ್ನು ದಂಡೆಯ ಮೇಲೇ ಬಿಡದೆ ಸಾಗಿಸಬೇಕು. ಪಾಲಿಕೆ, ಮಹಾಮಂಡಳ, ಪಂಚಾಯತಿ ಮೂರರಿಂದಲೂ ಒಬ್ಬೊಬ್ಬ ಅಧಿಕಾರಿಯ ಹೆಸರು, ಫೋನ್ ನಂಬರು ಎಂಐಡಿಸಿಯ ಚೌಕಿನಲ್ಲಿ ಫಲಕ ಹಾಕಿ ಬರೆಯಬೇಕು. ಬಿಸಿಲು 40 ಡಿಗ್ರಿ ದಾಟುವ ದಿನ ಮಧ್ಯಾಹ್ನದ ಹೊರಗೆಲಸ ನಿಲ್ಲಿಸಿ, ಬೆಳಗಿನ ಜಾವಕ್ಕೆ ಶಿಫ್ಟು ಬದಲಿಸುವಂತೆ ಮಾಲಕರೊಡನೆ ಪಾಲಿಕೆ ಕೂತು ಮಾತಾಡಬೇಕು, ಅದಕ್ಕಾಗಿ ಯಾರ ಪಗಾರವನ್ನೂ ಕಡಿಯಬಾರದು. ಕುಡಿಯುವ ನೀರು ಕೊಡುವುದು ಮಾಲಕರ ಉಪಕಾರವಲ್ಲ, 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಅವರ ಕರ್ತವ್ಯ. ಹೊಳೆ ಬಂದು ನಲ್ಲಿ ನಿಂತಾಗ ಟ್ಯಾಂಕರು ಯಾವ ಬಡಾವಣೆಗೆ ಯಾವ ಹೊತ್ತಿಗೆ ಎಂಬ ಪಟ್ಟಿ ಮೇ ತಿಂಗಳಲ್ಲೇ ತಯಾರಿರಬೇಕು. ಎತ್ತರದಲ್ಲಿರುವ ಕುಪವಾಡದ ಶಾಲೆಗಳಿಗೆ ಕೆಳಗಿನ ಜನ ಆಸರೆಗೆ ಬರುತ್ತಾರೆ, ಅಲ್ಲಿ ಶೌಚಾಲಯ, ನೀರು, ದೀಪ ಮೊದಲೇ ಸರಿಯಾಗಬೇಕು.

ಎಚ್ಚರಿಕೆಯ ಧ್ವನಿವರ್ಧಕ ಮರಾಠಿಯ ಜೊತೆಗೆ ಕನ್ನಡದಲ್ಲೂ ಹಿಂದಿಯಲ್ಲೂ ಕೂಗಬೇಕು. ಇದು ಭಾಷೆಯ ಅಭಿಮಾನದ ಬೇಡಿಕೆಯಲ್ಲ. ಅಥಣಿಯಿಂದ ಬಂದ ಅಜ್ಜಿಗೂ ಬಿಹಾರದಿಂದ ಬಂದ ಹುಡುಗನಿಗೂ ‘ಈಗಲೇ ಏಳಿ, ಇತ್ತ ಕಡೆ ಹೋಗಿ’ ಎಂಬುದು ತಿಳಿಯಬೇಕು, ಅಷ್ಟೇ.

ಈ ಬೇಡಿಕೆಗಳನ್ನು ಪಾಲಿಕೆಯ ಮುಂದಿಡಲು ಕಾಯ್ದೆಯ ಬಲವಿದೆ. ಮೂರು ಲಕ್ಷ ಇಲ್ಲವೇ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ಪ್ರಭಾಗ (ವಾರ್ಡ್) ಸಮಿತಿ ಇರಲೇಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ನಮ್ಮ ಮೂರು ಊರು ಕೂಡಿ 2011ರಲ್ಲೇ 5 ಲಕ್ಷ ದಾಟಿದ್ದೆವು. 2018ರಲ್ಲಿ ಆರಿಸಿದ್ದ ಸದಸ್ಯರ ಅವಧಿ 2023ರಲ್ಲಿ ಮುಗಿದು, ಕೇಳಲು ನಗರಸೇವಕರೇ ಇಲ್ಲದ ಕಾಲವನ್ನೂ ಕಂಡೆವು. 2026ರ ಜನವರಿಯಲ್ಲಿ ಮತ ಹಾಕಿದ್ದೇವೆ. ಮತ ಕೇಳಲು ನಮ್ಮ ಚಾಳಿನ ಬಾಗಿಲಿಗೆ ಬಂದವರನ್ನು ಈಗ ನಾವು ಹೋಗಿ ಕಾಣಬೇಕು.

ನಿಮ್ಮ ವಾರದ ರಜೆಯ ದಿನ ಒಂದು ಮುಂಜಾನೆಯನ್ನು ಇದಕ್ಕಾಗಿ ಕೊಡಿ. ಕುಪವಾಡದ ಪ್ರಭಾಗ ಕಚೇರಿಗೆ ಹತ್ತು ಹತ್ತು ಜನ ಕೂಡಿ ಹೋಗಿ. ನಿಮ್ಮ ಶೆಡ್ಡಿನ ಬಿಸಿ, ನಿಮ್ಮ ಓಣಿಯಲ್ಲಿ ನಿಲ್ಲುವ ನೀರು, ನಲ್ಲಿ ನಿಂತ ದಿನ, ಇವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ. ಸ್ವೀಕರಿಸಿದ ಸಿಕ್ಕಾ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ, 30 ದಿನದೊಳಗೆ ಅವರು ಹೇಳಲೇಬೇಕು: ಕುಪವಾಡದ ಬಿಸಿಲಿಗೆ, ನಾಲಾಗಳಿಗೆ ಈ ವರ್ಷ ಎಷ್ಟು ಹಣ ತೆಗೆದಿಟ್ಟಿರಿ, ಎಷ್ಟು ಖರ್ಚಾಯಿತು, ಕೆಲಸ ಯಾರಿಗೆ ಕೊಟ್ಟಿರಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ, ಕನ್ನಡದಲ್ಲಿ ಹೇಳಿದರೆ ಮರಾಠಿಯಲ್ಲಿ ಬರೆಯುತ್ತೇವೆ. ಹೆಣ್ಣುಮಕ್ಕಳು ತಪ್ಪದೆ ಬನ್ನಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಕೊಡ ಸಿಗುತ್ತದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಹೇಳುವವರಿಲ್ಲ.

ಮಾಲಕರೇ, ನೀವೂ ಬನ್ನಿ. ಹೊಳೆ ಬಂದಾಗ ನಿಮ್ಮ ಆರ್ಡರೂ ನಿಲ್ಲುತ್ತದೆ, ನಮ್ಮ ಹಾಜರಿಯೂ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಒಟ್ಟಿಗೆ ಕಚೇರಿಯ ಮೆಟ್ಟಿಲು ಹತ್ತೋಣ.

ಈ ಕಾಗದವನ್ನು ಓದಿ ಎಸೆಯಬೇಡಿ. ಪಕ್ಕದ ಮಷೀನಿನವರಿಗೆ ಕೊಡಿ, ಓದಲು ಬಾರದವರಿಗೆ ಊಟದ ಹೊತ್ತಿನಲ್ಲಿ ಓದಿ ಹೇಳಿ.

— ಕುಪವಾಡ ಎಂಐಡಿಸಿಯ ಕೆಲಸಗಾರರು ಮತ್ತು ಸುತ್ತಲಿನ ಬಡಾವಣೆಗಳ ನಿವಾಸಿಗಳು